ವೃಷಭಾಯದ ಪಿಕಪ್

ಎರಡು ಇಂಚು ಸಾಕೋ ನಾಲ್ಕು ಇಂಚು ಬೇಕೋ ಎಂಬ ಚಿಂತೆ ಪೆರೇಸಂದ್ರದ ನರೇಂದ್ರನಿಗೆ ಹತ್ತಿಕೊಂಡು ಎರಡು ತಿಂಗಳಾಗಿತ್ತು. ದ್ರಾಕ್ಷಿಗೆ ಔಷಧಿ ಹೊಡೆಸುವ ದಿನ ಮರೆತ, ಮಗಳ ಶಾಲೆಯ ಮೀಟಿಂಗ್ ಮರೆತ, ಮದುವೆಯಾದ ದಿನವನ್ನಂತೂ ಹೆಂಡತಿ ಯಾಮಿನಿ ಹಿಂದಿನ ದಿನವೇ ನೆನಪಿಸಿದ ಮೇಲೂ ಮರೆತ. ಇಂಚು ಮಾತ್ರ ಮರೆಯಲಿಲ್ಲ. ಊಟಕ್ಕೆ ಕೂತರೆ ತಟ್ಟೆಯ ಪಕ್ಕದಲ್ಲಿ ಮೊಬೈಲು. ಅದರಲ್ಲಿ ಯಾರೋ ಗಡ್ಡದವನು ಯಾವುದೋ ಮರಳುಗಾಡಿನಲ್ಲಿ ಗಾಡಿಯ ಕೆಳಗೆ ಮಲಗಿ ಸ್ಪ್ರಿಂಗು ತೋರಿಸುತ್ತಿದ್ದ.

ನರೇಂದ್ರನ ಹತ್ತಿರ ಇದ್ದದ್ದು ನಾಲ್ಕು ಚಕ್ರಕ್ಕೂ ಎಂಜಿನ್ನಿನ ಬಲ ಹೋಗುವ ದೊಡ್ಡ ಪಿಕಪ್. ಮುಂದೆ ಐದು ಜನ ಕೂರಬಹುದು, ಹಿಂದೆ ಸಾಮಾನು ತುಂಬಬಹುದು. ಎಂಥ ಬೆಟ್ಟವನ್ನಾದರೂ ಹತ್ತುತ್ತದೆ ಎಂದು ಹೇಳಿ ಮಾರಿದ್ದರು. ಮೂರು ವರ್ಷದಲ್ಲಿ ಅದು ಹತ್ತಿದ್ದು ಹೆದ್ದಾರಿಯ ಮೇಲ್ಸೇತುವೆಯನ್ನು ಮಾತ್ರ. ಇಂಥ ಗಾಡಿಯ ಮೈಯನ್ನು ಚಕ್ರದಿಂದ ಇನ್ನಷ್ಟು ಮೇಲಕ್ಕೆತ್ತುವ ಸಾಮಾನಿಗೆ ಲಿಫ್ಟ್ ಕಿಟ್ ಎನ್ನುತ್ತಾರೆ. ಎರಡಿಂಚಿನದಾದರೆ ಸ್ಪ್ರಿಂಗಿನ ತಲೆಯ ಮೇಲೆ ದಪ್ಪ ಬಿಲ್ಲೆಯೊಂದನ್ನು ಕೂರಿಸಿ ಕೈ ತೊಳೆದುಕೊಳ್ಳುತ್ತಾರೆ. ನಾಲ್ಕಿಂಚಿನದಾದರೆ ಸ್ಪ್ರಿಂಗು, ಶಾಕ್ ಅಬ್ಸಾರ್ಬರು, ಹಿಂಚಕ್ರದ ಸ್ಪ್ರಿಂಗು ಪ್ಲೇಟು ಎಲ್ಲವೂ ಹೊಸದು. ಯಾವುದನ್ನು ಹಾಕಿಸಿದರೂ ದ್ರಾಕ್ಷಿ ತೋಟಕ್ಕೆ ಹೋಗಿ ಬರುವುದರಲ್ಲಿ ವ್ಯತ್ಯಾಸವೇನೂ ಇರಲಿಲ್ಲ.

ಆದರೆ ಇದೆಲ್ಲ ಅಮ್ಮನಿಗೋಸ್ಕರ ಎಂದು ನರೇಂದ್ರ ಎಲ್ಲರಿಗೂ ಹೇಳುತ್ತಿದ್ದ. ಹೇಳಿ ಹೇಳಿ ಅವನೇ ನಂಬಿಯೂ ಬಿಟ್ಟಿದ್ದ. ಅವನ ತಾಯಿ ಕದಿರಮ್ಮನಿಗೆ ಎಪ್ಪತ್ತು ದಾಟಿತ್ತು. ಆಕೆಯ ಅಕ್ಕ ವೆಂಕಟರತ್ನಮ್ಮ ಕೈವಾರದಾಚೆಯ ತೋಟದ ಮನೆಯಲ್ಲಿ ಹಾಸಿಗೆ ಹಿಡಿದಿದ್ದಳು. ಪ್ರತಿ ಪೌರ್ಣಮಿಗೆ ತಂಗಿ ಹೋಗಿ ಅಕ್ಕನ ಮುಖ ನೋಡಿಕೊಂಡು ಬರಬೇಕು. ದಾರಿಯಲ್ಲೊಂದು ಹಳ್ಳ. ಒಂದು ಸಲ ಅಲ್ಲಿ ಗಾಡಿಯ ಹೊಟ್ಟೆ ಕಲ್ಲಿಗೆ ತಗುಲಿ ಕರ್ ಎಂದಿತು. ಕದಿರಮ್ಮ "ತಾತಯ್ಯಾ!" ಎಂದು ಕೈವಾರದ ಸಂತನನ್ನು ಕೂಗಿ ಸೊಂಟ ಹಿಡಿದುಕೊಂಡಳು. ಆಸೆ ಅದಕ್ಕೂ ಮೊದಲೇ ಇತ್ತು. ಅವತ್ತು ನರೇಂದ್ರನಿಗೆ ಕಾರಣ ಸಿಕ್ಕಿತು.

ಅವನಿಗೆ ಆ ಪೌರ್ಣಮಿಯ ಪ್ರಯಾಣ ನಿಜಕ್ಕೂ ಬೇಕಾಗಿತ್ತು ಎಂಬುದನ್ನೂ ಹೇಳಬೇಕು, ಇಲ್ಲದಿದ್ದರೆ ಅವನಿಗೆ ಅನ್ಯಾಯ ಮಾಡಿದಂತಾಗುತ್ತದೆ. ಕದಿರಮ್ಮ ಮನೆಯಲ್ಲಿ ಮಾತಾಡುವವಳಲ್ಲ. ಊಟ ಆಯಿತಾ, ಮೋಟರು ಆಫ್ ಮಾಡಿದೆಯಾ, ಇಷ್ಟೇ. ಆದರೆ ಗಾಡಿಯ ಮುಂದಿನ ಸೀಟಿನಲ್ಲಿ ಕೂತು, ಸೆರಗು ಸರಿಮಾಡಿಕೊಂಡು, ಚಿಕ್ಕಬಳ್ಳಾಪುರ ದಾಟುವಷ್ಟರಲ್ಲಿ ಬಾಯಿ ತೆರೆಯುತ್ತಿದ್ದಳು. ಅಕ್ಕತಂಗಿಯರು ಒಂದೇ ಲಂಗವನ್ನು ಸರದಿಯಲ್ಲಿ ಉಟ್ಟು ಶಾಲೆಗೆ ಹೋದದ್ದು, ಅತ್ತೆ ಮೂರು ವರ್ಷ ಮಾತು ಬಿಟ್ಟದ್ದು, ಸತ್ತುಹೋದ ಗಂಡ ಮೊದಲ ಸಲ ಅತ್ತದ್ದು ಯಾವಾಗ ಎಂಬುದು. ಇಬ್ಬರೂ ರಸ್ತೆಯನ್ನೇ ನೋಡುತ್ತಿದ್ದುದರಿಂದ ಹೇಳುವುದೂ ಸುಲಭ, ಕೇಳುವುದೂ ಸುಲಭ. ತಾಯಿ ತನ್ನವಳು ಎಂದು ನಲವತ್ತರ ಹತ್ತಿರದ ನರೇಂದ್ರನಿಗೆ ಅನ್ನಿಸುತ್ತಿದ್ದುದು ತಿಂಗಳಿಗೊಂದು ಸಲ, ಆ ಎರಡು ಗಂಟೆಯಲ್ಲಿ.

ಇಂಚಿನ ಹುಚ್ಚಿಗೆ ತುಪ್ಪ ಸುರಿದವನು ಚಿಂತಾಮಣಿಯ ಮೋಹನ್‌ಬಾಬು, ಸೋದರತ್ತೆಯ ಮಗ. ಅವನದೂ ಅದೇ ಪಿಕಪ್, ಅದೇ ಬಣ್ಣ. ಮದುವೆಯೊಂದರಲ್ಲಿ ಛತ್ರದ ಮುಂದೆ ಎರಡೂ ಗಾಡಿ ಅಕ್ಕಪಕ್ಕ ನಿಂತವು. ಮೋಹನ್‌ಬಾಬುವಿನದು ಎರಡಿಂಚು ಎತ್ತರ ಮಾಡಿಸಿಕೊಂಡು ಬಂದಿತ್ತು.

"ಯಾಕ್ ಭಾವ, ನಿನ್ ಗಾಡಿ ಕೂತ್ಕೊಂಡಂಗೈತಲ್ಲ? ಹುಷಾರಿಲ್ವಾ?" ಎಂದು ನಾಲ್ಕು ಜನರ ಮುಂದೆ ಕೇಳಿದ.

ನರೇಂದ್ರ ಅವತ್ತು ಹೋಳಿಗೆ ಮುಟ್ಟಲಿಲ್ಲ. ಮಾರನೆಯ ದಿನ ಗೌರಿಬಿದನೂರಿನಲ್ಲಿದ್ದ ಜಗನ್‌ನ ಗ್ಯಾರೇಜಿನಲ್ಲಿದ್ದ. ಜಗನ್ ಇಂಥ ಕೆಲಸಕ್ಕೆ ಹೆಸರಾದವನು, ಗಿರಾಕಿಯ ಮುಖ ನೋಡಿದರೆ ಎಷ್ಟು ಇಂಚಿನ ಆಸಾಮಿ ಎಂದು ಹೇಳಬಲ್ಲವನು.

"ಅಣ್ಣ, ನೀವು ಎಲ್ಲಿ ಓಡಿಸ್ತೀರ ಅನ್ನೋದ್ರ ಮೇಲೆ ಹೋಗ್ತದೆ. ಬರೀ ಹಳ್ಳಿ ರಸ್ತೆ ಆದ್ರೆ ಎರಡಿಂಚು ಬೇಕಾದಷ್ಟು. ಬಂಡೆ ಗಿಂಡೆ ಹತ್ತಿಸ್ತೀರ ಅಂದ್ರೆ ನಾಲ್ಕು."

"ಬಂಡೇನೇ," ಎಂದ ನರೇಂದ್ರ. ಅಷ್ಟು ದೊಡ್ಡ ಸುಳ್ಳನ್ನು ಅವನು ಕಾಲೇಜು ಬಿಟ್ಟ ಮೇಲೆ ಹೇಳಿರಲಿಲ್ಲ.

ಮನೆಗೆ ಬಂದು ಹೇಳಿದಾಗ ಯಾಮಿನಿ ಬ್ಯಾಂಕಿನಿಂದ ಆಗಷ್ಟೇ ಬಂದು ಚಪ್ಪಲಿ ಬಿಡುತ್ತಿದ್ದಳು. "ನಾಲ್ಕಿಂಚಾ? ಅತ್ತೆ ಹೆಂಗ್ರೀ ಹತ್ತಾರೆ?"

"ಅಮ್ಮಂಗೋಸ್ಕರನೇ ಕಣೇ ಮಾಡಿಸ್ತಿರೋದು!"

"ಅದು ಗೊತ್ತಾಯ್ತು. ಹೆಂಗೆ ಹತ್ತಾರೆ ಅಂತ ಕೇಳ್ದೆ."

ಇಂಥ ಚಿಲ್ಲರೆ ಪ್ರಶ್ನೆಗಳಿಗೆ ಉತ್ತರ ಕೊಡುವಷ್ಟು ವ್ಯವಧಾನ ನರೇಂದ್ರನಿಗಿರಲಿಲ್ಲ. ಅವನ ತಲೆಯಲ್ಲಿ ಬೇರೊಂದು ಸಂಶಯ ಹೊಕ್ಕಿತ್ತು. ಈ ಸೀಮೆಯಲ್ಲಿ ಆಯ ನೋಡಿಸದೆ ಯಾರೂ ಬಾಗಿಲಿಡುವುದಿಲ್ಲ, ಬಾವಿ ತೋಡುವುದಿಲ್ಲ, ದನದ ಕೊಟ್ಟಿಗೆಗೂ ಗೋಡೆ ಎಬ್ಬಿಸುವುದಿಲ್ಲ. ಅಳತೆ ಕೂಡಿಬಂದರೆ ಮನೆ ಏಳಿಗೆಯಾಗುತ್ತದೆ, ತಪ್ಪಿದರೆ ಕೆಡುತ್ತದೆ. ಹಾಗಿರುವಾಗ ಗಾಡಿಯ ಅಳತೆಯನ್ನೇ ಬದಲಾಯಿಸುವುದು ಹುಡುಗಾಟವೇ?

ಆಯ ನೋಡುವುದರಲ್ಲಿ ಪೆರೇಸಂದ್ರಕ್ಕೆಲ್ಲ ಒಬ್ಬರೇ, ನಿವೃತ್ತ ಮೇಷ್ಟ್ರು ಮುನಿವೆಂಕಟಪ್ಪ. ಟೇಪು ಹಿಡಿದು ಬಂದರು. ಇಷ್ಟು ವರ್ಷದ ಸೇವೆಯಲ್ಲಿ ಚಕ್ರವಿರುವ ವಸ್ತುವಿಗೆ ಆಯ ನೋಡಿರಲಿಲ್ಲ. ಆದರೆ ಬರುವುದಿಲ್ಲ ಎನ್ನುವುದು ಮೇಷ್ಟ್ರ ಜಾಯಮಾನವಲ್ಲ. ಅವರ ಲೆಕ್ಕವೂ ಸರಳವಾಗಿತ್ತು: ನೆಲದಿಂದ ತಲೆಯವರೆಗೆ ಇಂಚಿನಲ್ಲಿ ಅಳೆಯುವುದು, ಎಂಟರಿಂದ ಭಾಗಿಸುವುದು, ಉಳಿದ ಶೇಷ ನೋಡುವುದು. ಒಂದೊಂದು ಶೇಷಕ್ಕೂ ಒಂದೊಂದು ಆಯದ ಹೆಸರು; ಬೆಸ ಬಂದರೆ ಒಳ್ಳೆಯದು, ಸಮ ಬಂದರೆ ಕೆಟ್ಟದ್ದು.

"ಆರಡಿ," ಎಂದರು ಟೇಪಿನ ಮೇಲೆ ಬೆರಳಿಟ್ಟು. "ಎಪ್ಪತ್ತೆರಡು ಇಂಚು. ಎಂಟೊಂಬತ್ಲಿ ಎಪ್ಪತ್ತೆರಡು. ಶೇಷ ಸೊನ್ನೆ. ಕಾಕಾಯ ಕಣಪ್ಪ! ಕಾಗೆ! ಹಳ್ಳದಾಗೆ ತಗಲಿದ್ದು ಯಾಕೆ ಅಂತ ಈಗ ಗೊತ್ತಾಯ್ತಾ?"

ನರೇಂದ್ರ ಗಾಡಿಯಿಂದ ಒಂದು ಹೆಜ್ಜೆ ಹಿಂದೆ ಸರಿದ. "ಎರಡಿಂಚು ಎತ್ತರಿಸಿದ್ರೆ ಮೇಷ್ಟ್ರೆ?"

"ಧೂಮಾಯ. ಹೊಗೆ. ಬಿಲ್ಕುಲ್ ಬೇಡ."

ಮೋಹನ್‌ಬಾಬುವಿನದು ಹೊಗೆ! ನರೇಂದ್ರನಿಗೆ ಎರಡು ತಿಂಗಳಲ್ಲಿ ಮೊದಲ ಸಲ ಹಸಿವಾಯಿತು. "ನಾಲ್ಕಾದ್ರೆ?"

"ಶ್ವಾನಾಯ. ನಾಯಿ. ಯಾವಾಗ್ಲೂ ಬೀದೀಲೇ ಇರ್ತೀಯ." ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. "ನನ್ ಮಾತು ಕೇಳು. ಒಂದೇ ಒಂದಿಂಚು ಎತ್ತರಿಸು. ಧ್ವಜಾಯ. ಎಂಟರಾಗೆ ಅದಕ್ಕಿಂತ ಶ್ರೇಷ್ಠ ಇನ್ನೊಂದಿಲ್ಲ."

"ಒಂದಿಂಚಾ?" ಗಾಳಿ ಸ್ವಲ್ಪ ಜಾಸ್ತಿ ತುಂಬಿಸಿದರೆ ಬರುವ ಎತ್ತರ. ಛತ್ರದ ಮುಂದೆ ಅದನ್ನು ಯಾರು ನೋಡುತ್ತಾರೆ? "ಇನ್ನೂ ಮೇಲೆ ಯಾವುದೂ ಕೂಡಿಬರಲ್ವಾ ಮೇಷ್ಟ್ರೆ?"

"ಮೂರಕ್ಕೆ ಸಿಂಹಾಯ. ಐದಕ್ಕೆ ವೃಷಭಾಯ, ಅದು ರೈತನ ಮನೆಗೆ ಹೇಳಿ ಮಾಡಿಸಿದ್ದು. ಏಳಕ್ಕೆ ಗಜಾಯ..."

ಏಳು ಎಂದದ್ದೇ ನರೇಂದ್ರನ ಕಣ್ಣು ಹೊಳೆಯಿತು. ಬಾಗಿಲಲ್ಲಿ ನಿಂತಿದ್ದ ಯಾಮಿನಿ ಒಂದು ಸಲ ಕೆಮ್ಮಿದಳು. ಐದಕ್ಕೆ ನಿಂತಿತು. ಕದಿರಮ್ಮ ಎಲ್ಲರಿಗೂ ಕಾಫಿ ತಂದಿಟ್ಟು, "ಮುಗೀತಾ ಅಳತೆ?" ಎಂದು ಕೇಳಿ, ಗೋಡೆ ಹಿಡಿದುಕೊಂಡು ಒಳಗೆ ಹೋದಳು. ಮನೆಯಲ್ಲಿ ಟೇಪಿತ್ತು, ಮೇಷ್ಟ್ರಿದ್ದರು, ಲೆಕ್ಕವಿತ್ತು. ಅವಳ ಕಾಲು ಎಷ್ಟು ಇಂಚು ಮೇಲೇಳುತ್ತದೆ ಎಂದು ಮಾತ್ರ ಯಾರೂ ಅಳೆಯಲಿಲ್ಲ.

ಐದಿಂಚಿನ ಕಿಟ್ ಎಂಬುದು ಇರಲಿಲ್ಲ. ಜಗನ್ ತಲೆ ಕೆರೆದುಕೊಂಡ. "ವೃಷಭಾಯ ಅಂದ್ರೆ ಯಾವ ಕಂಪನಿ ಅಣ್ಣ?" ವಿಷಯ ತಿಳಿದ ಮೇಲೆ ನಾಲ್ಕಿಂಚಿನ ಕಿಟ್ ಹಾಕಿ, ಮೇಲೊಂದಿಂಚಿಗೆ ದೊಡ್ಡ ಟೈರು ಕೂರಿಸಿದ. ಬಾಗಿಲ ಕೆಳಗಿದ್ದ ಮೆಟ್ಟಿಲನ್ನೂ ಬಿಚ್ಚಿಟ್ಟ. "ಇದಿದ್ರೆ ಎತ್ತರ ಮಾಡಿಸಿದ್ದೆಲ್ಲ ದಂಡ ಅಣ್ಣ. ಬಂಡೆಗೆ ಮೊದಲು ತಗಲೋದೇ ಇದು." ಬಂಡೆಯ ಮಾತನ್ನು ತಾನೇ ಆಡಿದ್ದರಿಂದ ನರೇಂದ್ರ ಹೂಂ ಎನ್ನಲೇಬೇಕಾಯಿತು.

ಮುಂದಿನ ಪೌರ್ಣಮಿ ಬಂತು. ಮನೆಯ ಮುಂದೆ ಗಾಡಿ ನಿಂತಿತ್ತು, ಆರಡಿ ಐದಿಂಚು, ಕರಾರುವಾಕ್ಕಾಗಿ. ಬೀದಿಯವರೆಲ್ಲ ನೋಡುತ್ತಿದ್ದರು. ನರೇಂದ್ರ ಅವತ್ತು ಯಾವ ಕೆಲಸವನ್ನೂ ಇಟ್ಟುಕೊಂಡಿರಲಿಲ್ಲ. ಕದಿರಮ್ಮ ಒಗೆದ ಸೀರೆ ಉಟ್ಟು, ಅಕ್ಕನಿಗೆಂದು ಹುರಿಗಡಲೆ ಉಂಡೆಯ ಡಬ್ಬಿ ಹಿಡಿದು ಬಂದು ಬಾಗಿಲ ಮುಂದೆ ನಿಂತಳು. ಬಲಗಾಲು ಎತ್ತಿದಳು. ಮೆಟ್ಟಿಲಿರಲಿಲ್ಲ. ಇನ್ನೂ ಎತ್ತಿದಳು. ಗಾಡಿಯ ಅಂಚು ಅವಳ ಸೊಂಟದ ಹತ್ತಿರವಿತ್ತು. ಕಾಲು ಇಳಿಸಿದಳು.

ನರೇಂದ್ರ ಒಳಗಿನಿಂದ ಪ್ಲಾಸ್ಟಿಕ್ ಕುರ್ಚಿ ತಂದ. ಕುರ್ಚಿಯ ಮೇಲೆ ಹತ್ತುವುದಕ್ಕೇ ಇಬ್ಬರು ಬೇಕಾಯಿತು; ಹತ್ತಿದ ಮೇಲೆ ಅದು ಓಲಾಡಿತು. "ಇರಮ್ಮ, ನಾನೇ ಎತ್ತಿ ಕೂರಿಸ್ತೀನಿ," ಎಂದು ಅವನು ಬಗ್ಗಿದ. ಎದುರು ಮನೆಯ ಗಂಡಸರು ಪೇಪರು ಮಡಿಸಿಟ್ಟು ನೋಡುತ್ತಿದ್ದರು. ಕದಿರಮ್ಮ ಸೆರಗನ್ನು ಬಿಗಿಯಾಗಿ ಹೊದ್ದುಕೊಂಡು ಹಿಂದಕ್ಕೆ ಸರಿದಳು.

"ಬೇಡ ಬಿಡು ನಾಯ್ನಾ. ಗಾಡಿ ಚೆನ್ನಾಗೈತೆ. ನನ್ ಮಂಡೀನೇ ಸರಿಯಿಲ್ಲ."

ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ನರೇಂದ್ರನಿಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು. "ಅತ್ತೇದೂ ಒಂದು ಆಯ ನೋಡಿಸ್ಬೇಕಾಗಿತ್ತು," ಎಂದು ಯಾಮಿನಿ ಅಂದಳು. ಅವಳ ದನಿಯಲ್ಲೂ ನಗುವಿರಲಿಲ್ಲ.

"ಅಕ್ಕ ಕಾಯ್ತಿರ್ತಾಳೆ. ಬಸ್ಸಿಗೆ ಹೋಗ್ತೀನಿ. ಹೆಂಗಸ್ರಿಗೆ ಹೆಂಗೂ ಫ್ರೀ ಐತಲ್ಲ," ಎಂದು ಕದಿರಮ್ಮ ಹೊರಟೇಬಿಟ್ಟಳು. ನಾನೂ ಬರುತ್ತೇನೆಂದು ನರೇಂದ್ರ ಬೇಡಿಕೊಂಡ. "ಇಷ್ಟ್ ಚೆಂದ ಮಾಡಿಸಿದ್ದೀಯ, ಬೀದೀಲಿ ಬಿಟ್ಟು ಬರ್ತೀಯಾ? ನೀನಿರಪ್ಪ," ಎಂದಳು. ಯಾಮಿನಿ ಕೈ ಹಿಡಿದು ಹೆದ್ದಾರಿಯವರೆಗೆ ಕರೆದುಕೊಂಡು ಹೋಗಿ ಚಿಕ್ಕಬಳ್ಳಾಪುರದ ಬಸ್ಸು ಹತ್ತಿಸಿದಳು. ಬಸ್ಸಿನ ಮೆಟ್ಟಿಲೇನೂ ತಗ್ಗಲ್ಲ. ಆದರೆ ಹಿಡಿಯಲು ಎರಡು ಕಡೆ ಕಂಬಿ, ಮೇಲಿಂದ ಕೈ ಕೊಡಲು ಒಬ್ಬಳು, ಹಿಂದಿನಿಂದ "ಹತ್ತಮ್ಮ, ಹತ್ತು" ಎಂದು ತಳ್ಳಲು ನಾಲ್ವರು ಇದ್ದರು.

ನರೇಂದ್ರನಿಗೆ ಮನೆಯಲ್ಲಿ ನಿಲ್ಲಲಾಗಲಿಲ್ಲ. ಗಾಡಿ ತೆಗೆದುಕೊಂಡು ಬಸ್ಸಿನ ಹಿಂದೆ ಹೊರಟ. ಬಸ್ಸು ನಿಂತಲ್ಲೆಲ್ಲ ನಿಂತ, ಹೊರಟಾಗ ಹೊರಟ. ಇಷ್ಟೆತ್ತರದ ಗಾಡಿ ಮುಂದೆ ಹೋಗದೆ ಆಮೆಯಂತೆ ತೆವಳುವುದನ್ನು ಕಂಡು ಹಿಂದಿನ ಲಾರಿಯವನು ಹಾರ್ನು ಬಾರಿಸಿ, ಪಕ್ಕಕ್ಕೆ ಬಂದಾಗ ತಲೆಯೆತ್ತಿ ಬೈದು ಹೋದ. ಪಕ್ಕದ ಸೀಟು ಖಾಲಿಯಿತ್ತು. ಹೊಸ ಶಾಕ್ ಅಬ್ಸಾರ್ಬರಿನ ಕೆಲಸ ಬಹಳ ಸೊಗಸಾಗಿತ್ತು, ಒಂದು ಕುಲುಕಾಟವೂ ಇಲ್ಲ, ಒಂದು ಸದ್ದೂ ಇಲ್ಲ. ಆ ನಿಶ್ಶಬ್ದ ಅವನನ್ನು ತಿಂದುಹಾಕಿತು.

ಚಿಕ್ಕಬಳ್ಳಾಪುರದಲ್ಲಿ ಕದಿರಮ್ಮ ಬಸ್ಸು ಬದಲಾಯಿಸಿದಳು. ನರೇಂದ್ರ ಗಾಡಿಯನ್ನು ಬಸ್ ನಿಲ್ದಾಣದ ಹೊರಗೆ ಬಿಟ್ಟು, ಚಿಂತಾಮಣಿ ಬಸ್ಸಿಗೆ ಹಿಂಬಾಗಿಲಿನಿಂದ ಹತ್ತಿದ. ಬಾ ಎನ್ನದಿದ್ದರೂ ಬಂದದ್ದು ಅಮ್ಮನಿಗೆ ಗೊತ್ತಾಗಬಾರದು, ಕೈವಾರದ ಕ್ರಾಸಿನಲ್ಲಿ ಇಳಿಯುವಾಗ ಸುಮ್ಮನೆ ಹೋಗಿ ಕೈ ಹಿಡಿಯಬೇಕು ಎಂದುಕೊಂಡ. ಅವಳ ಹಿಂದಿನ ಸೀಟಿನಲ್ಲಿ ಒಬ್ಬರಿಗೆ ಜಾಗವಿತ್ತು. ಅಲ್ಲಿ ತಲೆ ತಗ್ಗಿಸಿ ಕೂತ. ನೂಕುನುಗ್ಗಲಿನಲ್ಲಿ ಕಂಡಕ್ಟರು ಇನ್ನೂ ಮುಂದಿನಿಂದ ಬರುತ್ತಿದ್ದ.

ಶಿಡ್ಲಘಟ್ಟದಲ್ಲಿ ಕದಿರಮ್ಮನ ಪಕ್ಕದವರು ಇಳಿದರು; ರೇಷ್ಮೆಗೂಡು ಮಾರಿ ಬಂದ ಹೆಂಗಸೊಬ್ಬಳು ಖಾಲಿ ಚೀಲ ಮಡಿಸಿಕೊಂಡು ಅಲ್ಲಿ ಕೂತಳು. ಬಸ್ಸು ಊರು ದಾಟುವ ಮೊದಲೇ ಇಬ್ಬರಿಗೂ ಮಾತು ಹತ್ತಿತು. ಒಂದೇ ಲಂಗದ ಕಥೆ ಬಂತು. ಅತ್ತೆ ಮಾತು ಬಿಟ್ಟ ಕಥೆಯೂ ಬಂತು, ಅರ್ಧ ಕನ್ನಡ ಅರ್ಧ ತೆಲುಗು. ಆ ಹೆಂಗಸು ನಡುನಡುವೆ ನಗುತ್ತಿದ್ದಳು. ನರೇಂದ್ರನಿಗೆ ಹೊಟ್ಟೆಕಿಚ್ಚಾಯಿತು. ಮೋಹನ್‌ಬಾಬುವಿನ ಗಾಡಿ ನೋಡಿದಾಗಲೂ ಇಷ್ಟು ಆಗಿರಲಿಲ್ಲ.

"ಈ ವಯಸ್ಸಲ್ಲಿ ಒಬ್ಬರೇ ಹೊಂಟಿದ್ದೀರಲ್ಲಮ್ಮ, ಮಕ್ಕಳಿಲ್ವಾ?" ಎಂದು ಕೇಳಿದಳು ಆಕೆ.

"ಅಯ್ಯೋ, ಇದ್ದಾನೆ ಕಣಮ್ಮ. ಬಂಗಾರದಂಥ ಮಗ. ದೊಡ್ ಗಾಡೀನೂ ಐತೆ. ಹಳ್ಳದಾಗೆ ನನ್ ಸೊಂಟ ಕುಲುಕ್ತದೆ ಅಂತ ಇಷ್ಟೆತ್ತರ ಮಾಡಿಸವ್ನೆ, ನೀ ನೋಡ್ಬೇಕಾಗಿತ್ತು. ನನಗೋಸ್ಕರಾನೇ!"

"ಮತ್ತೆ ಅದ್ರಾಗೇ ಹೋಗ್ಬೋದಿತ್ತಲ್ಲ?"

ಕದಿರಮ್ಮ ತೊಡೆಯ ಮೇಲಿದ್ದ ಡಬ್ಬಿಯ ಮುಚ್ಚಳವನ್ನು ಇನ್ನೊಮ್ಮೆ ಒತ್ತಿ ಮುಚ್ಚಿದಳು.

"ಅವನಿಗೆ ಇವತ್ತು ಪುರುಸೊತ್ತಿಲ್ಲ ಕಣಮ್ಮ. ತುಂಬಾ ಕೆಲಸ."

ಅಷ್ಟರಲ್ಲಿ ಕಂಡಕ್ಟರು ಹಿಂದಿನ ಸೀಟಿಗೆ ಬಂದು, "ಎಲ್ಲಿಗೆ?" ಎಂದ. ಬಾಯಿ ಬಿಟ್ಟರೆ ಅಮ್ಮನಿಗೆ ದನಿ ಗೊತ್ತಾಗಿಬಿಡುತ್ತಿತ್ತು. ನರೇಂದ್ರ ನೂರರ ನೋಟು ಚಾಚಿ, ಮುಂದೆ ಕೂತಿದ್ದ ತಾಯಿಯ ಕಡೆ ಬೆರಳು ತೋರಿಸಿ, ಆಕೆ ಇಳಿಯುವಲ್ಲಿಗೇ ಎಂದು ಸನ್ನೆ ಮಾಡಿದ.