ಇನ್ನೊಂದು ಕೀಯೊಳಗಿನ ಬೇಗಡೆ

ಅಮ್ಮನ ಕಾರಿನ ಕೀ ಎರಡು ಮೂರು ಸಲ ಒತ್ತಿದರೆ ಒಮ್ಮೆ ಕೇಳುವಂತಾಗಿತ್ತು. ವಾಚ್ ಅಂಗಡಿಯಿಂದ ಬಿಲ್ಲೆಯಂಥ ಬ್ಯಾಟರಿ ತಂದೆ. "ಎರಡು ತಂದಿದ್ದೀಯಲ್ಲ, ಬೀರುವಿನಲ್ಲಿರೋ ಇನ್ನೊಂದು ಕೀಗೂ ಹಾಕಿಬಿಡು," ಅಂದಳು ಅಮ್ಮ, ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಾ.

ಅಮ್ಮನದು ಸಲೀಸಾಗಿ ಮುಗಿಯಿತು. ಸಂದಿಗೆ ನಾಣ್ಯ ತೂರಿಸಿ ತಿರುವಿದರೆ ಟಕ್ಕೆಂದು ಎರಡು ಹೋಳು. ಹೊಸದನ್ನು ಕೂರಿಸಿ ಕಿಟಕಿಯಿಂದಲೇ ಒತ್ತಿದೆ. ಅಂಗಳದಲ್ಲಿ ಕಾರು ಕಣ್ಣು ಮಿಟುಕಿಸಿತು.

ಇನ್ನೊಂದನ್ನು ಬಿಚ್ಚಿದಾಗ ಕೈ ನಿಂತಿತು. ಬ್ಯಾಟರಿಯ ಕೆಳಗೆ ಮಡಿಸಿದ ಬೇಗಡೆಯ ಚೂರು.

ಇದು ಅಪ್ಪನ ರಿಪೇರಿ. ಗೋಡೆ ಗಡಿಯಾರ, ಟಿ.ವಿ. ರಿಮೋಟು, ಟಾರ್ಚು, ಯಾವುದು ಮೊಂಡು ಹಿಡಿದರೂ ಅಪ್ಪ ತಮ್ಮ ಮಾತ್ರೆ ಪಟ್ಟಿಯ ಬೇಗಡೆ ಸುಲಿದು, ಮಡಿಸಿ, ಅಂಚನ್ನು ಹಲ್ಲಿನಲ್ಲಿ ಕಚ್ಚಿ ಬ್ಯಾಟರಿಯ ಬುಡಕ್ಕೆ ತುರುಕುತ್ತಾರೆ. ಹೊಸದು ಕೊಳ್ಳುವ ಮಾತೇ ಇಲ್ಲ. ಅವರ ಪ್ರಕಾರ ಅಂಗಡಿಯವರೆಲ್ಲ ಟೋಪಿ ಹಾಕುವವರೇ.

ಬಿಡಿಸಿ ನೋಡಿದೆ. ನೇರಳೆ ಗೆರೆ. ನೇರಳೆ ಗೆರೆಯ ಮಾತ್ರೆ ಶುರುವಾದದ್ದೇ ಅಪ್ಪ ಸ್ಟೀರಿಂಗ್ ಹಿಡಿದಂತೆಯೇ ಪ್ರಜ್ಞೆ ತಪ್ಪಿ, ಕಾರು ಬಸ್ ಸ್ಟಾಪಿನ ಬೆಂಚಿಗೆ ಗುದ್ದಿದ ಮೇಲೆ. ಬೆಂಚಿನಲ್ಲಿ ಆಗ ಯಾರೂ ಇರಲಿಲ್ಲ, ಪುಣ್ಯ. ಇನ್ನು ಕಾರು ಮುಟ್ಟಕೂಡದು ಅಂದಿದ್ದರು ಡಾಕ್ಟರು. ಅಪ್ಪ ನಮ್ಮೆದುರೇ ಹೂಂ ಅಂದಿದ್ದರು.

ಹಾಗಾದರೆ ಅದಾದ ಮೇಲೆ ಈ ಕೀ ಬಿಚ್ಚಿದ್ದೇಕೆ?

ಅಮ್ಮ ಸ್ಕೂಲ್ ವ್ಯಾನಿನಲ್ಲಿ ಹೋಗುತ್ತಾಳೆ, ನಾನು ಪರೀಕ್ಷೆಗೆ ಓದಲು ಲೈಬ್ರರಿಗೆ. ಹಗಲೆಲ್ಲ ಮನೆಯಲ್ಲಿ ಅಪ್ಪ, ಅಂಗಳದಲ್ಲಿ ಕಾರು. ಹೋದ ಭಾನುವಾರ ಮಾರ್ಕೆಟ್ಟಿಗೆ ಹೊರಟಾಗ ಅಮ್ಮನಿಗೆ ಕ್ಲಚ್ಚು ಎಟುಕಿರಲಿಲ್ಲ. "ಸೀಟು ಯಾರು ಹಿಂದಕ್ಕೆ ತಳ್ಳಿದ್ದು?"

"ಕಾರು ತೊಳೆಯೋನು ಕಣೇ. ಒಳಗೆ ಕಾಲು ಚಾಚಿ ಮಲಗ್ತಾನೋ ಏನೋ, ಕಳ್ಳ," ಅಂದಿದ್ದರು ಅಪ್ಪ. ನಾನೂ ನಂಬಿ ಅವನನ್ನು ಓರೆಗಣ್ಣಲ್ಲಿ ನೋಡಿದ್ದೆ.

ಕೇಳಬಹುದಿತ್ತು. ಕೇಳಿದರೆ ಇಲ್ಲ ಅನ್ನುತ್ತಾರೆ. ಆಮೇಲೆ ನನ್ನ ಬಾಯಿ ಹೊಲಿದಂತೆ. ಎದುರು ನಿಂತು ವಾದಿಸುವ ಜಾಯಮಾನ ನನ್ನದಲ್ಲ. ಬೇಗಡೆ ತೆಗೆದೆ, ಸತ್ತ ಬ್ಯಾಟರಿಯನ್ನೇ ಮತ್ತೆ ಕೂರಿಸಿ ಕೀಯನ್ನು ಬೀರುವಿನಲ್ಲಿಟ್ಟೆ. ಹೊಸದು ನನ್ನ ಪರ್ಸಿಗೆ ಹೋಯಿತು.

"ಎರಡಕ್ಕೂ ಹಾಕಿದೆ," ಅಂದೆ, ಪಡಸಾಲೆಯಲ್ಲಿದ್ದ ಅಪ್ಪನಿಗೂ ಕೇಳುವಷ್ಟು ಗಟ್ಟಿಯಾಗಿ.

ಆಮೇಲೆ ದಿನಾ ಮನೆಗೆ ಬಂದವಳೇ ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡುತ್ತಿದ್ದೆ. ಬಿಸಿ. ಬಿಸಿಲಿಗೋ ಇಂಜಿನ್ನಿಗೋ, ತಿಳಿಯದು.

ಶನಿವಾರ ಸಂಜೆ ಚಹಾ ಹೀರುತ್ತಾ ಅಪ್ಪ ಇದ್ದಕ್ಕಿದ್ದಂತೆ ಅಂದರು: "ಆ ವಾಚ್ ಅಂಗಡಿಯವನು ನಿನಗೆ ಚೆನ್ನಾಗಿ ಟೋಪಿ ಹಾಕಿದಾನೆ ಕಣೇ. ಸತ್ತಿರೋ ಬ್ಯಾಟರಿ ಕೊಟ್ಟು ಕಳಿಸಿದಾನೆ."

"ಏನ್ರೀ, ನನ್ನ ಕೀ ಚೆನ್ನಾಗೇ ಇದೆಯಲ್ಲ," ಅಂದಳು ಅಮ್ಮ.

"ನಿಂದಲ್ಲ, ಆ ಇನ್ನೊಂದು..."

ಲೋಟ ತುಟಿಯ ಹತ್ತಿರವೇ ನಿಂತಿತು.

ಪರ್ಸು ತೆರೆದು ಬೇಗಡೆಯನ್ನೂ ಹೊಸ ಬ್ಯಾಟರಿಯನ್ನೂ ಮೇಜಿನ ಮೇಲಿಟ್ಟೆ. "ಅಂಗಡಿಯವನದೇನೂ ತಪ್ಪಿಲ್ಲ, ಅಪ್ಪ. ನಾನೇ ಹಳೇದು ಹಾಕಿಟ್ಟಿದ್ದೆ." ನನ್ನ ದನಿ ನನಗೇ ಹೊಸದಾಗಿ ಕೇಳಿತು.

ಅಮ್ಮ ನೇರಳೆ ಗೆರೆ ನೋಡಿದಳು. ಅಪ್ಪನನ್ನು ನೋಡಿದಳು.

"ಎಲ್ಲಿ ತನಕ ಹೋಗ್ತಿದ್ರಿ?"

"ಇಲ್ಲೇ... ಬಸ್ ಸ್ಟಾಪಿನ ತನಕ. ನಿಧಾನಕ್ಕೇ ಹೋಗ್ತೀನಿ."

"ಆ ಬೆಂಚಿನಲ್ಲಿ ಈಗ ಯಾರು ಕೂತಿರ್ತಾರೆ ಗೊತ್ತೇನ್ರೀ? ಇವಳು. ಲೈಬ್ರರಿ ಬಸ್ಸಿಗೆ ಕಾಯ್ತಾ, ದಿನಾ."

ಅಪ್ಪ ನನ್ನ ಕಡೆ ನೋಡಲಿಲ್ಲ. ಅಂಗಿಯ ಜೇಬಿಗೆ ಕೈ ಹಾಕಿ ಕೀ ತೆಗೆದು ಬೇಗಡೆಯ ಪಕ್ಕದಲ್ಲಿಟ್ಟರು. ಚಹಾ ಆರಿಹೋಗಿತ್ತು.

"ಮೂರನೇದು ಮಾಡಿಸಿಟ್ಟುಕೊಂಡಿಲ್ಲ ತಾನೇ?" ಅಂದಳು ಅಮ್ಮ.

"ಛೆ! ಕೀ ಮಾಡೋನು ಬಾಯಿಗೆ ಬಂದ ರೇಟು ಹೇಳ್ತಾನೆ."

"ರೇಟು ವಿಚಾರಿಸಿದ್ದೂ ಆಯ್ತು ಹಾಗಾದ್ರೆ," ಅಂದಳು ಅಮ್ಮ, ಎರಡೂ ಕೀಗಳನ್ನು ತನ್ನ ಬ್ಯಾಗಿಗೆ ಹಾಕಿ ಜಿಪ್ಪು ಎಳೆಯುತ್ತಾ.