ಕೊರಳಿನ ಎರಡು ಮೀಸೆ

ನಾನು ಒಂದು ಚಿಮಟ. ಪ್ರಯೋಗಾಲಯದವರು ನನ್ನನ್ನು ಫೋರ್ಸೆಪ್ಸ್ ಎಂದು ಗೌರವದಿಂದ ಕರೆಯುತ್ತಾರೆ. ಆ ಗೌರವಕ್ಕೆ ತಕ್ಕ ಹಾಗೆ ನಾನು ಬಾಳಲಿಲ್ಲ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಹೇಳದೆ ಇನ್ನಷ್ಟು ವರ್ಷ ಈ ಪೆಟ್ಟಿಗೆಯಲ್ಲಿ ಬಿದ್ದಿರಲಾರೆ.

ಹುಟ್ಟಿದ್ದು ಉತ್ತರದ ಯಾವುದೋ ಊರಿನ ಸಣ್ಣ ಕಾರ್ಖಾನೆಯಲ್ಲಿ. ಎರಡು ಉಕ್ಕಿನ ಪಟ್ಟಿಗಳನ್ನು ಒಂದು ತುದಿಯಲ್ಲಿ ಬೆಸೆದು, ಇನ್ನೊಂದು ತುದಿಯನ್ನು ಸೂಜಿಯಷ್ಟು ಚೂಪಾಗಿ ಸಾಣೆ ಹಿಡಿದರು. ಆಗ ನನ್ನ ಎರಡೂ ತುದಿಗಳು ಕೂಡಿದರೆ ನಡುವೆ ಕೂದಲೂ ನುಸುಳುತ್ತಿರಲಿಲ್ಲ. ಆ ಜಂಬದಲ್ಲೇ ಹತ್ತಿ ಸುತ್ತಿಕೊಂಡು ಕಾರವಾರದ ಕಡೆಯ ಒಂದು ಕಡಲ ಜೀವಶಾಸ್ತ್ರದ ವಿಭಾಗಕ್ಕೆ ಬಂದಿಳಿದೆ.

ನನ್ನ ಮೊದಲ ಒಡೆಯರು ಕುಂದಗೋಳ ಸರ್. ಧಾರವಾಡದ ಕಡೆಯವರು. ಊಟದಲ್ಲಿ ಮೀನು ಮುಟ್ಟದ ಮನುಷ್ಯ, ಆದರೆ ಕಡಲಿನ ಬಿರುಗೂದಲ ಹುಳುಗಳೆಂದರೆ ಪ್ರಾಣ. ಮೈಯುದ್ದಕ್ಕೂ ಉಂಗುರ, ಉಂಗುರಕ್ಕೊಂದು ಜೊತೆ ಕಾಲು, ಕಾಲಿನ ತುಂಬ ಬಿರುಗೂದಲು. ಹೊರಗಿನವರಿಗೆ ಎಲ್ಲವೂ ಒಂದೇ ಹುಳು. ಸರ್ ಮಾತ್ರ ಪ್ರತಿಯೊಂದಕ್ಕೂ ಅದರ ಕುಲ ಹುಡುಕುತ್ತಿದ್ದರು. ಅದಕ್ಕೊಂದು ದಪ್ಪ ಪುಸ್ತಕವಿತ್ತು. ಅದು ಹೆಜ್ಜೆಹೆಜ್ಜೆಗೂ ಪ್ರಶ್ನೆ ಕೇಳುತ್ತಿತ್ತು. ತಲೆಯ ಮೇಲೆ ಮೀಸೆ ಎರಡೋ, ಮೂರೋ, ಐದೋ? ಬೆನ್ನ ಮೇಲೆ ಹುರುಪೆ ಇದೆಯೋ, ಇಲ್ಲವೋ? ಉತ್ತರ ಹೇಳುತ್ತ ಹೋದರೆ ಕೊನೆಗೆ ಹೆಸರು ಸಿಗುತ್ತಿತ್ತು. ಒಂದು ಉತ್ತರ ತಪ್ಪಿದರೆ ಯಾರದೋ ಮನೆಗೆ ಹೋಗಿ ಇನ್ಯಾರನ್ನೋ ಕೂಗಿದ ಹಾಗೆ.

ಆ ಉತ್ತರಗಳನ್ನು ಎತ್ತಿ ತೋರಿಸುವವನು ನಾನು. ಹುಳುವಿನ ಕತ್ತಿನ ಹಿಂದೆ ಮೆಲ್ಲಗೆ ಒತ್ತಿದರೆ ಗಂಟಲು ಹೊರಬಿದ್ದು ಕಪ್ಪು ಹಲ್ಲುಗಳು ಕಾಣುತ್ತಿದ್ದವು. ಒಂದೊಂದೇ ಕಾಲನ್ನು ಬಿಡಿಸಿ ಗಾಜಿನ ಮೇಲೆ ಇಡುತ್ತಿದ್ದೆ. ಒಂದು ಕೂದಲನ್ನೂ ಮುರಿದವನಲ್ಲ. ಸರ್ ನನ್ನನ್ನು ಜೇಬಿನಲ್ಲಿ ಪೆನ್ನಿನ ಪಕ್ಕ ಇಟ್ಟುಕೊಳ್ಳುತ್ತಿದ್ದರು.

ನನ್ನ ಜಂಬ ಇಳಿದದ್ದು ಒಂದು ಮುಚ್ಚಳದಿಂದ. ಉಪ್ಪು ಕಟ್ಟಿ ಬಿಗಿದುಕೊಂಡಿದ್ದ ಬಾಟಲಿಯ ಮುಚ್ಚಳವನ್ನು ಅಟೆಂಡರ್ ವಿಠೋಬ ನನ್ನಿಂದ ಮೀಟಿದ. ಮುಚ್ಚಳ ಬಿಟ್ಟಿತು, ನನ್ನ ಬಲತುದಿ ಗಾಳದ ಹಾಗೆ ಒಳಕ್ಕೆ ಬಾಗಿತು. ವಿಠೋಬ ನನ್ನನ್ನು ಪ್ಯಾಂಟಿಗೆ ಉಜ್ಜಿ, ಬೆಳಕಿಗೆ ಹಿಡಿದು ನೋಡಿ, "ಎಂತದೂ ಆಗ್ಲಿಲ್ಲ ಇದಕ್ಕೆ" ಎಂದ. ಆಗಿತ್ತು. ಬರಿಗಣ್ಣಿಗೆ ಕಾಣದಷ್ಟು ಆಗಿತ್ತು, ಅಷ್ಟೇ. ಸರ್ ಹೊಸ ಚಿಮಟ ತರಿಸಿಕೊಂಡರು. ನಾನು ವಿದ್ಯಾರ್ಥಿಗಳ ಟ್ರೇಗೆ ಬಿದ್ದೆ.

ಟ್ರೇಯಿಂದ ನನ್ನನ್ನು ಎತ್ತಿಕೊಂಡವಳು ನಾಗವೇಣಿ ಹರಿಕಂತ್ರ. ಎಂ.ಎಸ್ಸಿ. ಎರಡನೇ ವರ್ಷ. ಅಪ್ಪ ಜಟ್ಟಪ್ಪ ಗಾಳ ಹಾಕುವವರು. ಗಾಳಕ್ಕೆ ಬೇಕಾದ ಹುಳುವನ್ನು ಬಂಡೆಯಡಿ, ಕೆಸರಿನಲ್ಲಿ ಕೈಹಾಕಿ ಹುಡುಕಿ ತೆಗೆಯುವವರು. ಅವಳು ತನ್ನ ಪ್ರಬಂಧಕ್ಕೆ ಈ ಹುಳುಗಳನ್ನೇ ಆರಿಸಿಕೊಂಡಾಗ ತರಗತಿಯವರು ನಕ್ಕಿದ್ದರು. ಮೀನುಗಾರರ ಮಗಳು ಎಂ.ಎಸ್ಸಿ. ಓದಿ ಮತ್ತೆ ಗಾಳದ ಹುಳುವಿಗೇ ಬಂದಳಲ್ಲ ಎಂದು.

ಮಳೆಗಾಲಕ್ಕೆ ನಾಲ್ಕು ದಿನವಿರುವಾಗ ಜಟ್ಟಪ್ಪ ಒಂದು ಡಬ್ಬಿ ಹಿಡಿದು ಬಂದರು. ಪ್ರಯೋಗಾಲಯದ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಒಳಗೆ ಬರಲೋ ಬೇಡವೋ ಎಂದು ನಿಂತರು.

"ನಾಗೂ, ಇದು ಕಲ್ಲಡಿದು. ಕೊರಳಲ್ಲಿ ಎರಡು ಸಣ್ಣ ಮೀಸೆ ಅದೆ ನೋಡು. ಕೆಸರಿನ ಹುಳಕ್ಕೆ ಅದು ಇರೂದಿಲ್ಲ."

ನಾಗವೇಣಿಯ ಕಣ್ಣು ಅಗಲವಾಯಿತು. ತಲೆಯ ಮೇಲೆ ಐದು ಮೀಸೆ, ಕೊರಳಿನ ಉಂಗುರದ ಮೇಲೆ ಬೇರೆ ಎರಡು ಇದ್ದರೆ ಅದು ಯೂನಿಸ್ ಕುಲ. ಆ ಎರಡು ಇಲ್ಲದಿದ್ದರೆ ಮಾರ್ಫೈಸಾ. ಮಾರ್ಫೈಸಾ ವಿಭಾಗದ ಕಪಾಟಿನಲ್ಲಿ ಬೇಕಾದಷ್ಟಿತ್ತು. ಯೂನಿಸ್ ಒಂದೂ ಇರಲಿಲ್ಲ.

ಇಂಥ ಹುಳುವಿಗೆ ಮೊದಲು ನೀರಿನಲ್ಲಿ ಮೆಂಥಾಲ್ ಹಾಕಿ, ಅದು ಮರಗಟ್ಟುವ ತನಕ ಕಾಯಬೇಕು. ಆಮೇಲೆ ನಡುಮೈಗೆ ಆಸರೆ ಕೊಟ್ಟು ಎತ್ತಬೇಕು. ಅವಳಿಗೆ ಇದೆಲ್ಲ ಗೊತ್ತಿತ್ತು. ಆದರೆ ಖುಷಿಗೆ ತಾಳ್ಮೆ ಎಲ್ಲಿಯದು? ಹುಳು ತಟ್ಟೆಯಲ್ಲಿ ಒದ್ದಾಡಿತು, ತುಂಡಾದೀತು ಎಂದು ಅವಳು ಹೆದರಿದಳು, ನನ್ನಿಂದ ಅದರ ಕೊರಳನ್ನೇ ಹಿಡಿದು ಫಾರ್ಮಲಿನ್‌ಗೆ ಹಾಕಿದಳು. ನನ್ನ ಬಾಗಿದ ತುದಿ ಆ ಎರಡು ಮೀಸೆಗಳಿಗೆ ಸಿಕ್ಕಿಕೊಂಡಿತು. ಕಿತ್ತುಬಂದವು. ಒಂದು ತಟ್ಟೆಯ ನೀರಿಗೆ ಬಿತ್ತು, ಇನ್ನೊಂದು ನನ್ನ ತುದಿಯಲ್ಲೇ ಉಳಿಯಿತು.

ಮರುದಿನ ಕುಂದಗೋಳ ಸರ್ ಸೂಕ್ಷ್ಮದರ್ಶಕಕ್ಕೆ ಬಗ್ಗಿದರು. ಬಹಳ ಹೊತ್ತು ನೋಡಿದರು. ಅವರಿಗೂ ಅದು ಯೂನಿಸ್ ಆಗಿರಲಿ ಎಂಬ ಆಸೆಯಿತ್ತು.

"ಎಲ್ಲಿ ಅದಾವವ್ವಾ ಕೊರಳ ಮೀಸಿ? ನನಗೇನೂ ಕಾಣವಲ್ವು."

"ಅಪ್ಪ ಹೇಳಿದ್ರು ಸರ್. ನಂಗೂ ಕಂಡ ಹಾಗಾಗಿತ್ತು."

"ಕಂಡಂಗ ಆಗೂದು ಬ್ಯಾರೆ, ಕಾಣೂದು ಬ್ಯಾರೆ. ಅಪ್ಪ ಹೇಳಿದ್ದು ಬರೀಬ್ಯಾಡ, ಬಾಟಲ್ಯಾಗ ಇದ್ದದ್ದು ಬರಿ."

ಅವರು ತಪ್ಪು ಹೇಳಲಿಲ್ಲ. ಬಾಟಲಿಯಲ್ಲಿ ಇರಲಿಲ್ಲ ನಿಜ. ಇದ್ದದ್ದು ನನ್ನ ಹತ್ತಿರ. ಅವರ ಮೊಣಕೈಯಿಂದ ಒಂದು ಗೇಣು ದೂರದಲ್ಲಿ, ತುದಿಗೆ ಆ ಮೀಸೆ ಅಂಟಿಸಿಕೊಂಡು, ನಾನು ಬಿದ್ದಿದ್ದೆ. ಒಣಗಿ ನೂಲಿನ ಎಳೆಯಂತಾಗಿತ್ತು. ಯಾರಾದರೂ ನನ್ನನ್ನು ಎತ್ತಿ ಆ ಗಾಜಿನಡಿ ಇಟ್ಟಿದ್ದರೆ ಸಾಕಿತ್ತು. ಕೂಗಲು ನನಗೆ ಬಾಯಿಲ್ಲ. ಸಂಜೆ ನಾಗವೇಣಿ ಎಲ್ಲವನ್ನೂ ತೊಳೆದಿಟ್ಟಳು. ನನ್ನನ್ನೂ ನಲ್ಲಿಯ ಕೆಳಗೆ ಹಿಡಿದಳು, ಆ ಮೀಸೆ ನೀರಿನ ಜೊತೆ ಹೋಯಿತು.

ಅವಳು ಬಾಟಲಿಯ ಚೀಟಿಯನ್ನು ಕನ್ನಡದಲ್ಲಿ ಬರೆಯುತ್ತಿದ್ದಳು. "ಕೊರಳಿನ ಮೀಸೆ" ಎಂಬುದರ ಮುಂದೆ ಪೆನ್ಸಿಲ್ ಹಿಡಿದು ಕೂತಿದ್ದು, ಕೊನೆಗೆ "ಇಲ್ಲ" ಎಂದು ಬರೆದಳು. ಪುಸ್ತಕ ಕೇಳುವುದು ಇದೆಯೋ, ಇಲ್ಲವೋ ಎಂದು ಮಾತ್ರ. ಕಳೆದುಹೋಯಿತೇ ಎಂದು ಕೇಳುವುದಿಲ್ಲ.

ವಾರದ ನಂತರ ಜಟ್ಟಪ್ಪ ಕೊಡೆ ಮಡಚಿಕೊಂಡು ಬಂದರು. ಮಳೆ ಹಿಡಿದು, ಆ ಹುಳು ಸಿಕ್ಕ ಬಂಡೆ ನೀರಿನೊಳಗೆ ಹೋಗಿತ್ತು. ಕೈ ಖಾಲಿ.

"ಹುಳದ ಹೆಸ್ರು ಸಿಕ್ತಾ?"

"ಅದು ಮಾಮೂಲಿ ಕೆಸರಿನ ಹುಳಾನೇ ಅಪ್ಪ. ಮೀಸೆ ಇಲ್ಲ. ನಿಂಗೆ ಕಂಡಿದ್ದು ತಪ್ಪು."

ಅವಳ ಹಿಂದೆ ಇಬ್ಬರು ಸಹಪಾಠಿಗಳಿದ್ದರು. ಬಹುಶಃ ಅದಕ್ಕೇ ಸ್ವಲ್ಪ ಗಟ್ಟಿಯಾಗಿ ಹೇಳಿದಳು. ಜಟ್ಟಪ್ಪ ತಮ್ಮ ಕೈಗಳನ್ನು ಒಮ್ಮೆ ನೋಡಿಕೊಂಡರು. "ಹೌದಾ" ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟಿಕೊಂಡರು. ಆಮೇಲೆ ಅವರು ಮಗಳಿಗೆ ಹುಳು ತರಲಿಲ್ಲ. ಅವತ್ತಿನಷ್ಟು ನನಗೆ ನನ್ನ ಮೇಲೆ ಯಾವತ್ತೂ ಹೇಸಿಗೆಯಾಗಿಲ್ಲ.

ನಾಗವೇಣಿ ಪಾಸಾಗಿ, ಒಳನಾಡಿನ ಒಂದು ಕಾಲೇಜಿನಲ್ಲಿ ಕಪ್ಪೆ ಜಿರಳೆಗಳ ಪಾಠ ಮಾಡಲು ಹೋದಳು. ಕುಂದಗೋಳ ಸರ್ ನಿವೃತ್ತರಾದರು. ನಾನು ಯಾರ್ಯಾರದೋ ಕೈ ದಾಟಿ, ಎಲ್ಲರಿಂದಲೂ "ಇದು ಸರಿ ಹಿಡಿಯಲ್ಲ" ಎನ್ನಿಸಿಕೊಂಡು, ಡ್ರಾಯರಿನ ಮೂಲೆ ಸೇರಿ ತುಕ್ಕು ಹಿಡಿದೆ. ಹಿಡಿಯಲಿ ಎಂದುಕೊಂಡೆ.

ಹತ್ತೊಂಬತ್ತು ವರ್ಷದ ಮೇಲೆ ಅವಳು ಅದೇ ವಿಭಾಗಕ್ಕೆ ಅಧ್ಯಾಪಕಿಯಾಗಿ ಬಂದಳು. ಕಿವಿಯ ಹತ್ತಿರ ನರೆ, ಕಣ್ಣಿಗೆ ಕನ್ನಡಕ. ಹಳೆಯ ಬಾಟಲಿಗಳ ಪಟ್ಟಿ ಮಾಡುತ್ತ ಒಂದು ಮಧ್ಯಾಹ್ನ ತನ್ನದೇ ಕೈಬರಹದ ಚೀಟಿ ನೋಡಿ ನಿಂತಳು. ಹುಳುವನ್ನು ತಟ್ಟೆಗೆ ಹಾಕಿ, ಡ್ರಾಯರಿಗೆ ಕೈಹಾಕಿ ಸಿಕ್ಕ ನನ್ನನ್ನೇ ಎತ್ತಿಕೊಂಡಳು. ಈ ಸಲ ನಡುಮೈಗೆ ಆಸರೆ ಕೊಟ್ಟಳು. ಸೂಕ್ಷ್ಮದರ್ಶಕದ ಮಸೂರವನ್ನು ಬದಲಾಯಿಸಿ, ಇನ್ನೂ ದೊಡ್ಡದು ಮಾಡಿ, ಕೊರಳಿನ ಎರಡನೇ ಉಂಗುರವನ್ನು ನೋಡಿದಳು. ಅಲ್ಲಿ ಅಕ್ಕಪಕ್ಕ ಎರಡು ದುಂಡನೆಯ ಗಾಯದ ಗುರುತುಗಳಿದ್ದವು. ಹುಟ್ಟಾ ಇಲ್ಲದ್ದಕ್ಕೆ ಗಾಯ ಇರುವುದಿಲ್ಲ.

ಅವಳು ತಲೆ ಎತ್ತಿ ಕೈಯಲ್ಲಿದ್ದ ನನ್ನನ್ನು ನೋಡಿದಳು. ನನ್ನ ತುದಿಯನ್ನು ಸೆರಗಿನ ಮೇಲೆ ಮೆಲ್ಲಗೆ ಎಳೆದಳು. ಸೆರಗಿನ ಒಂದು ಎಳೆ ಬಾಗಿದ ತುದಿಗೆ ಸಿಕ್ಕಿಕೊಂಡು ಬಂತು. ಅವಳು ಸ್ಟೂಲಿನ ಮೇಲೆ ಕೂತುಬಿಟ್ಟಳು.

ಆ ಭಾನುವಾರ ಅಪ್ಪನನ್ನು ಕರೆತಂದಳು. ಜಟ್ಟಪ್ಪ ಕುಗ್ಗಿದ್ದರು, ಕಣ್ಣಿನ ಆಪರೇಷನ್ ಆಗಿತ್ತು. ಈ ಸಲವೂ ಬಾಗಿಲಲ್ಲಿ ಚಪ್ಪಲಿ ಬಿಟ್ಟರು. ಮಗಳು ಕೈಹಿಡಿದು ಒಳಗೆ ತಂದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು. ಅವರು ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಗಾಜಿಗೆ ಒತ್ತಿ, ಸುಮಾರು ಹೊತ್ತು ಉಸಿರು ಬಿಗಿಹಿಡಿದು ನೋಡಿದರು.

"ಇದ್ದಿತ್ತು ಅಲ್ದಾ?"

"ಇತ್ತಪ್ಪ. ನೀ ಹೇಳಿದ್ದು ಸರಿ ಇತ್ತು."

"ಮತ್ತೆ ಕಿತ್ತವ್ರು ಯಾರು?"

ನಾನು ಅವಳ ಮುಷ್ಟಿಯಲ್ಲಿದ್ದೆ. ಈಗ ನನ್ನನ್ನು ಎತ್ತಿ ಹಿಡಿಯುತ್ತಾಳೆ ಎಂದು ಕಾದೆ. ಈ ಹಾಳು ಚಿಮಟ ಅಪ್ಪ, ನೋಡು ಇದರ ತುದಿ, ಎನ್ನುತ್ತಾಳೆ ಎಂದುಕೊಂಡೆ. ಅದೇ ನ್ಯಾಯವಾಗಿತ್ತು. ನಾನು ಅದಕ್ಕೆ ಹತ್ತೊಂಬತ್ತು ವರ್ಷದಿಂದ ತಯಾರಾಗಿದ್ದೆ.

"ನಾನೇ, ಅಪ್ಪ" ಎಂದಳು ನಾಗವೇಣಿ.

ಜಟ್ಟಪ್ಪ ಮಗಳ ತಲೆಯ ಮೇಲೆ ಕೈಯಿಟ್ಟು ಮತ್ತೊಮ್ಮೆ ಗಾಜಿನೊಳಗೆ ನೋಡಿದರು.

ಚೀಟಿಯ ಮೇಲಿನ "ಇಲ್ಲ" ಎಂಬುದಕ್ಕೆ ಈಗ ಗೀಟು ಬಿದ್ದಿದೆ, ಪಕ್ಕದಲ್ಲಿ "ಇದ್ದವು" ಎಂದಿದೆ. ಆ ಬಾಟಲಿಯ ಪಕ್ಕ ಒಂದು ಗಾಜಿನ ಪೆಟ್ಟಿಗೆಯಲ್ಲಿ ನನ್ನನ್ನು ಇಟ್ಟಿದ್ದಾಳೆ. ಹಗಲೆಲ್ಲ ಗಾಜಿನಾಚೆ ಆ ಹುಳುವಿನ ಬೋಳು ಕೊರಳು ಕಾಣುತ್ತದೆ. ಅವಳು ಹೇಳಿದ "ನಾನೇ" ಎಂಬ ಮಾತು ಅವಳದಾಗಿರಲಿಲ್ಲ, ನನ್ನದಾಗಿತ್ತು. ಅದಕ್ಕೇ ಇಷ್ಟೆಲ್ಲ ಹೇಳಿದೆ. ಜಟ್ಟಪ್ಪ, ಕಿತ್ತಿದ್ದು ನಾನೇ.