ಮೀಟರಿನಲ್ಲಿ ಕಂಡ ಒಂದು

ಹಳಿಯಾಳದಿಂದ ಹದಿನಾಲ್ಕು ಕಿಲೋಮೀಟರ್ ಒಳಗೆ, ಕಾಡಂಚಿನ ಸಿದ್ದಿ ಕೇರಿಯ ಮೂವತ್ತೆಂಟು ಮನೆಗಳಿಗೆ ಇದ್ದದ್ದು ಒಂದೇ ಬೋರು. ಮಾರ್ಚ್ ಕೊನೆಗೆ ಅದರ ಮೋಟಾರು ನಿಂತಾಗ ಎಲ್ಲರೂ ಮಾರ್ಗರೀಟಾಳ ಮುಖ ನೋಡಿದರು. ಮೂರು ತಿಂಗಳ ಎಲೆಕ್ಟ್ರಿಕ್ ತರಬೇತಿ ಮುಗಿಸಿ ಬಂದು ಊರಿನ ಮಿಕ್ಸರು, ಫ್ಯಾನುಗಳನ್ನೆಲ್ಲ ರಿಪೇರಿ ಮಾಡುತ್ತಿದ್ದವಳು ಆಕೆಯೇ. ಬೋರಿನ ಮೋಟಾರಿಗೆ ಕೈಹಾಕಿದ್ದು ಮಾತ್ರ ಅದೇ ಮೊದಲು.

ಸ್ವಿಚ್ ಹಾಕಿದರೆ ಮೋಟಾರು ಗುಂಯ್ ಎಂದು ಮರುಕ್ಷಣವೇ ಟ್ರಿಪ್ಪಾಗುತ್ತಿತ್ತು. ಕರೆಂಟು ಪೂರಾ ತೆಗೆಸಿ, ಮೋಟಾರಿನ ವೈರುಗಳನ್ನು ಬಿಚ್ಚಿ, ತನ್ನ ಕೈಮೀಟರನ್ನು ವಿದ್ಯುತ್ತಿನ ತಡೆ ಅಳೆಯುವ ಓಮ್‌ಗೆ ತಿರುಗಿಸಿದಳು. ಅದರ ಕಪ್ಪು ತಂತಿಯ ಮೊನೆಯನ್ನು ಬೋರಿನ ಕಬ್ಬಿಣದ ಪೈಪಿಗೆ ಒತ್ತಿ, ಕೆಂಪನ್ನು ಒಂದು ವೈರಿಗೆ ಹಿಡಿದಳು. ಪರದೆಯ ಎಡತುದಿಯಲ್ಲಿ 1 ಎಂದಿತ್ತು. ಎರಡನೆಯ ವೈರಿಗೂ 1, ಮೂರನೆಯದಕ್ಕೂ 1.

“ಒಂದ ಓಮ್ ತೋರಸಾಕತ್ತೈತಿ ಕಾಕಾ, ತಡೀನ ಇಲ್ಲ. ಕರೆಂಟು ಮೋಟಾರಿನ ಮೈಗೆ ಇಳದೈತಿ. ಒಳಗ ಸುಟ್ಟೈತಿ, ಮ್ಯಾಲ ಎತ್ತಬೇಕು” ಎಂದಳು ಅಲ್ಲಾಸಾಬನಿಗೆ. ಇಂಥ ಭಾರದ ಕೆಲಸಕ್ಕೆಲ್ಲ ಕೇರಿಯಲ್ಲಿ ಅವನೇ ಮುಂದಾಳು.

ಹನ್ನೆರಡು ಮಂದಿ ಹಗ್ಗ ಹಿಡಿದರು. ನಾಲ್ಕು ಪೈಪು ಮೇಲೆ ಬಂದವು. ಐದನೆಯದರ ಹೊತ್ತಿಗೆ ಪೈಪನ್ನು ಕಚ್ಚಿ ಹಿಡಿದಿದ್ದ ಕ್ಲಾಂಪು ಜಾರಿತು. ಉಳಿದ ಪೈಪು, ಮೋಟಾರು ಎಲ್ಲ ಒಟ್ಟಿಗೆ ಬೋರಿನೊಳಕ್ಕೆ ಬಿದ್ದವು. ಅಲ್ಲಾಸಾಬ ಕೇಬಲ್ಲನ್ನಾದರೂ ಹಿಡಿಯಲು ಹೋದ, ಅದು ಅವನ ಅಂಗೈ ಸುಲಿದುಕೊಂಡು ಹೋಯಿತು. ಎಲ್ಲೋ ಆಳದಲ್ಲಿ ದೊಪ್ಪೆಂದದ್ದು ಕೇಳಿಸಿತು.

ಮಾಡಲು ಏನೂ ತೋಚದೆ ಮಾರ್ಗರೀಟಾ ಸಾಮಾನು ಎತ್ತಿಡಲು ಕೂತಳು. ಮೀಟರು ಇನ್ನೂ ಚಾಲೂ ಇತ್ತು. ಮೊನೆಗಳೆರಡೂ ಗಾಳಿಯಲ್ಲಿ ತೂಗುತ್ತಿದ್ದವು, ಯಾವುದಕ್ಕೂ ತಾಗಿರಲಿಲ್ಲ. ಪರದೆಯಲ್ಲಿ ಮಾತ್ರ 1 ಇತ್ತು.

ಮೊನೆಗಳನ್ನು ಒಂದಕ್ಕೊಂದು ಮುಟ್ಟಿಸಿದಳು: 00.3. ಬಿಡಿಸಿದಳು: ಮತ್ತೆ 1. ಒಂದು ಓಮ್ ಇದ್ದಿದ್ದರೆ ಚುಕ್ಕೆಯೊಂದಿಗೆ 01.0 ಎಂದು ಕಾಣಬೇಕಿತ್ತು. ಎಡತುದಿಯ ಒಂಟಿ 1 ಎಂದರೆ ತಡೆ ಮೀಟರಿನ ಅಳತೆ ಮೀರಿದೆ ಎಂದು. ವೈರಿಗೂ ಪೈಪಿಗೂ ಸಂಬಂಧವೇ ಇರಲಿಲ್ಲ. ಕರೆಂಟು ಎಲ್ಲೂ ಇಳಿದಿರಲಿಲ್ಲ. ಎದ್ದು ಹೋಗಿ ಸ್ವಿಚ್ಚಿನ ಪೆಟ್ಟಿಗೆ ತೆರೆದಳು. ಮೋಟಾರನ್ನು ಚಾಲೂ ಮಾಡುವ ಕೆಪಾಸಿಟರು ಕೆಟ್ಟು ಹೊಟ್ಟೆ ಉಬ್ಬಿಸಿಕೊಂಡು ಕೂತಿತ್ತು. ಬದಲಿಸಲು ಹತ್ತು ನಿಮಿಷದ ಕೆಲಸ.

ಅಲ್ಲಾಸಾಬ ಅಂಗೈಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದ.

“ತಪ್ಪು ನಂದು ಮಗಳ. ಕ್ಲಾಂಪು ಇನ್ನೊಂದ ಸುತ್ತು ಬಿಗಿ ಮಾಡಬೇಕಿತ್ತು.”

“ಇಲ್ಲ ಕಾಕಾ. ಎತ್ತೂದ ಬೇಕಿರಲಿಲ್ಲ. ನಾ ಮೀಟರ್ ತಪ್ಪು ಓದಿದೆ.”

ಮೊನೆಗಳನ್ನು ಗಾಳಿಯಲ್ಲಿ ಹಿಡಿದು ತೋರಿಸಿದಳು. ಅವನು ಬಗ್ಗಿ ಪರದೆ ನೋಡಿದ.

“ಹಂಗಾರ ಮೋಟಾರು ಚೊಲೋ ಇತ್ತನು?”

“ಇತ್ತು.”

ಅವನು ಕುಕ್ಕರುಗಾಲಲ್ಲಿ ಕೂತುಬಿಟ್ಟ.

ನೆರೆದವರಿಗೆಲ್ಲ ಆಕೆಯೇ ಹೇಳಿದಳು, ಏನನ್ನೂ ಮುಚ್ಚಿಡದೆ. ಬೈದರೆ ತಡೆದುಕೊಳ್ಳಬಹುದು ಎಂದುಕೊಂಡಿದ್ದಳು. ಯಾರೂ ಬೈಯಲಿಲ್ಲ. ಪಕ್ಕದ ಮನೆಯ ರುಬಿನಾ ಮಾತ್ರ, ಕಂಕುಳಲ್ಲಿ ಖಾಲಿ ಕೊಡ ಹಿಡಿದವಳು, ಸಿಟ್ಟಿಲ್ಲದೆ ಕೇಳಿದಳು: “ಈಗ ಏನ ಮಾಡೂಣು ಅಕ್ಕಾ?”

ಮಾರ್ಗರೀಟಾ ಬೋರಿನ ಬಾಯಿಯನ್ನು ನೋಡಿದಳು. ರುಬಿನಾ ಉಳಿದ ಹೆಂಗಸರ ಜೊತೆ ನೀರಿಗೆ ಹಳ್ಳದ ದಾರಿ ಹಿಡಿದಳು.